ಪುಂಜಾಲಕಟ್ಟೆಯಲ್ಲಿ ಕೊಟ್ಟ ಸ್ಟೆಪ್ನಿ

ಅದು ಒಂದು ಶನಿವಾರ. ಬೆಳ್ತಂಗಡಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮುಗಿಸಿದ ಮೂವರನ್ನು ನಮ್ಮ ವ್ಯಾನಿನಲ್ಲಿ ಶಿರ್ತಾಡಿಗೆ ತಂದು, ಒಬ್ಬೊಬ್ಬರನ್ನೂ ಅವರವರ ಮನೆಯ ಮೆಟ್ಟಿಲ ತನಕ ಬಿಟ್ಟು, ನನ್ನ ಗಂಡ ಪುನಃ ಹೊರಟರು. ಪುಂಜಾಲಕಟ್ಟೆಯಲ್ಲಿ ರಿಪೇರಿಗೆ ಕೊಟ್ಟಿದ್ದ ಬಾವಿಯ ಪಂಪನ್ನು ತರಬೇಕಿತ್ತು. ಹಿಂದೆ ಬರುವಾಗ ಸಂಜೆಯಾಗಿತ್ತು. ನಾನು ಅಂಗಳ ಗುಡಿಸುತ್ತಿದ್ದೆ. ಅವರು ವ್ಯಾನ್ ತಿರುಗಿಸಿ ನಿಲ್ಲಿಸಿದಾಗ, ಹಿಂಬದಿಯ ಅಡಿಯಲ್ಲಿ ಸ್ಟೆಪ್ನಿ ಇಡುವ ಕಬ್ಬಿಣದ ತೊಟ್ಟಿಲು ಖಾಲಿಯಾಗಿ ನೇತಾಡುತ್ತಿರುವುದು ಕಾಣಿಸಿತು.

"ಸ್ಟೆಪ್ನಿ ಎಲ್ಲಿ?"

"ಕೊಟ್ಟೆ."

"ಯಾರಿಗೆ?"

"ನಮ್ಮದೇ ಮಾಡೆಲಿನ ಗಾಡಿ ಮಾರಾಯ್ತಿ. ಮದುವೆ ದಿಬ್ಬಣ. ಪುಂಜಾಲಕಟ್ಟೆಯಲ್ಲಿ ಟಯರ್ ಒಡೆದು ನಿಂತಿತ್ತು. ಅವನ ಸ್ಟೆಪ್ನಿ ನೋಡಿದ್ರೆ ನೂಲು ಕಾಣ್ತದೆ. ಹೆಂಗಸರೆಲ್ಲ ಪಟ್ಟೆಸೀರೆ ಉಟ್ಟು ಬಿಸಿಲಲ್ಲಿ ನಿಂತಿದ್ರು. ಮದುಮಗಳ ಅಜ್ಜಿ ಗಾಡಿಯಿಂದ ಇಳಿಯುವುದೇ ಇಲ್ಲ ಅಂತ ಹಟ. ಅಜ್ಜಿಯನ್ನು ಕೂರಿಸಿಕೊಂಡೇ ಜಾಕ್ ಹಾಕಿದೆ."

"ಹೆಸರು, ಊರು ಕೇಳಿದ್ರಾ?"

"ಒಂದು ಟಯರ್ ಕೊಡ್ಲಿಕ್ಕೆ ಜಾತಕ ನೋಡ್ಬೇಕಾ? ಶಿರ್ತಾಡಿಯಲ್ಲಿ ಡಯಾಲಿಸಿಸ್ ವ್ಯಾನ್ ಅಂತ ಕೇಳಿದ್ರೆ ಸಾಕು ಅಂದಿದ್ದೇನೆ. ತಂದು ಕೊಡ್ತಾನೆ."

ಗಂಜಿ ಊಟ ಮಾಡಿದರು. ಸೋಮವಾರದ ಟ್ರಿಪ್ಪಿಗೆ ಡೀಸೆಲ್ ಸಾಕು ಎಂದರು. ಮರುದಿನ ಬೆಳಿಗ್ಗೆ ಹಲ್ಲುಜ್ಜಲು ಹೋದವರು ಬಾವಿಕಟ್ಟೆಯ ಹತ್ತಿರ ಕುಸಿದರು. ಮೂಡುಬಿದಿರೆ ಮುಟ್ಟುವ ಮೊದಲೇ ಉಸಿರು ನಿಂತಿತ್ತು.

ಅದರ ನಂತರದ ದಿನಗಳ ಬಗ್ಗೆ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ. ವ್ಯಾನಿನ ಬಗ್ಗೆ ಬರೆಯಬಲ್ಲೆ.

ನನ್ನ ಭಾವ, ಎಂದರೆ ಇವರ ಅಣ್ಣ, ಬಂದ ದಿನವೇ ಎಲ್ಲರಿಗೂ ಹೇಳಿದ್ದರು: "ಬೊಜ್ಜ ಮುಗಿಯುವ ತನಕ ಅವನ ಗಾಡಿ ಯಾರೂ ಸ್ಟಾರ್ಟ್ ಮಾಡುವುದು ಬೇಡ." ಬೊಜ್ಜ ಎಂದರೆ ನಮ್ಮಲ್ಲಿ ಉತ್ತರಕ್ರಿಯೆಯ ಊಟದ ದಿನ. ಸತ್ತವನ ಕೈಯಲ್ಲಿದ್ದ ಗಾಡಿಯನ್ನು ಸೂತಕದಲ್ಲಿ ಓಡಿಸಬಾರದು ಎಂಬುದು ಶಾಸ್ತ್ರವೋ ಅವರ ದುಃಖವೋ ನನಗೆ ಗೊತ್ತಿಲ್ಲ. ಯಾರೂ ಎದುರಾಡಲಿಲ್ಲ. ಬೊಜ್ಜದ ಹಿಂದಿನ ದಿನ ಶಾಮಿಯಾನ ಹಾಕಲು ಅಂಗಳ ಖಾಲಿ ಬೇಕಾಯಿತು. ಕೀಲಿ ತಿರುಗಿಸಬಾರದಲ್ಲ, ಹಾಗಾಗಿ ಹತ್ತು ಗಂಡಸರು ಸೇರಿ ವ್ಯಾನನ್ನು ದೂಡಿದರು. ಬಚ್ಚಲುಕೋಣೆಯ ಗೋಡೆಯ ಪಕ್ಕಕ್ಕೆ ಒತ್ತಿ ನಿಲ್ಲಿಸಿದರು. ಮರುದಿನ ಬೆಳಗಾಗುವ ಮೊದಲು ಅಡುಗೆಯವರು ಬಂದು, ಗಾಳಿ ಬೀಸದ ಜಾಗ ಹುಡುಕಿ, ವ್ಯಾನಿನ ಎಡಮಗ್ಗುಲಲ್ಲೇ ಕೆಂಪುಕಲ್ಲು ಜೋಡಿಸಿ ಒಲೆ ಹೂಡಿದರು. ಅನ್ನದ ಹಂಡೆ, ಸಾರಿನ ಹಂಡೆ, ಪಾಯಸದ ಉರುಳಿ. ಮಧ್ಯಾಹ್ನದ ತನಕ ಒಣ ಮರದ ಬೆಂಕಿ ಉರಿಯಿತು. ವ್ಯಾನನ್ನು ಎರಡು ಮಾರು ಆಚೆ ತೆಗೆಯಬಹುದಿತ್ತು. ಸ್ಟಾರ್ಟ್ ಮಾಡಬಾರದು, ದೂಡಲು ಗಂಡಸರು ಇನ್ನೂ ಬಂದಿರಲಿಲ್ಲ.

ಎಡಬದಿಯ ಎರಡೂ ಟಯರ್ ಬೆಂದು ಹೋಗಿದ್ದವು. ಮೊದಲ ನೋಟಕ್ಕೆ ಬೂದಿ ಮೆತ್ತಿದ ಹಾಗಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಬದಿಯ ರಬ್ಬರಿನಲ್ಲಿ ಬೊಕ್ಕೆಗಳೂ, ಉಗುರು ಹೋಗುವಷ್ಟು ಬಿರುಕುಗಳೂ ಕಂಡವು. ಶಿರ್ತಾಡಿಯ ಪಂಚರ್ ಅಂಗಡಿಯವನನ್ನು ಕರೆದೆ. ಅವನು ಹೆಬ್ಬೆರಳಿನಲ್ಲಿ ಒತ್ತಿ ನೋಡಿದ.

"ಇದರಲ್ಲಿ ಆಸ್ಪತ್ರೆಗೆ ಹೊರಟರೆ ಅಕ್ಕಾ, ದಾರಿಯಲ್ಲಿ ನಿಮ್ಮನ್ನು ಆಸ್ಪತ್ರೆಗೆ ಕೊಂಡುಹೋಗ್ಲಿಕ್ಕೆ ಇನ್ನೊಂದು ಗಾಡಿ ಬೇಕಾಗ್ತದೆ."

"ರೀಸೋಲ್ ಮಾಡಿಸಿದರೆ?"

"ರೀಸೋಲ್ ಮೇಲಿನ ಸವಕಲಿಗೆ. ಇದು ಬದಿ ಹೋದದ್ದು. ಬದಿ ಹೋದರೆ ಮುಗಿಯಿತು."

ಆ ಹೊತ್ತಿಗೆ ನಮ್ಮ ಮೂವರು ಪ್ರಯಾಣಿಕರು ತೊಂದರೆಯಲ್ಲಿದ್ದರು. ಒಬ್ಬರು ಶಿರ್ತಾಡಿಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಹಾಜಿ. ಇನ್ನೊಬ್ಬರು ನಿವೃತ್ತ ಟೀಚರ್, ಗಾಲಿಕುರ್ಚಿಯವರು. ಮೂರನೆಯವಳು ಬೀಡಿ ಕಟ್ಟುವ ಹೆಂಗಸು, ನನಗಿಂತ ಎಷ್ಟೋ ಚಿಕ್ಕವಳು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗದಿದ್ದರೆ ನೀರು ಮೈಯಲ್ಲಿ ನಿಲ್ಲುತ್ತದೆ, ಆಮೇಲೆ ಎದೆಗೆ ಏರುತ್ತದೆ. ಹಾಜಿ ಸೋದರಳಿಯನ ಕಾರಿನಲ್ಲಿ ಹೋಗುತ್ತಿದ್ದರು. ಆ ಹುಡುಗ ಗಲ್ಫಿನಿಂದ ರಜೆಯಲ್ಲಿ ಬಂದವನು, ಮರಳುವ ದಿನ ಹತ್ತಿರ ಬಂದಿತ್ತು. ಟೀಚರ್ ಗಂಡನ ಜೊತೆ ರಿಕ್ಷಾದಲ್ಲಿ ಹೋಗಿ ಸೊಂಟ ನೋಯಿಸಿಕೊಂಡಿದ್ದರು. ಬೀಡಿಯವಳು ತಾಯಿಯನ್ನು ಹಿಡಿದುಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದಳು; ಕಳೆದ ಸಲ ವೇಣೂರಿನಲ್ಲಿ ತಲೆ ತಿರುಗಿ ಇಳಿದು, ಮನೆಗೆ ಹಿಂದಿರುಗಿದ್ದಳು. ಒಂದು ಸರದಿ ತಪ್ಪಿತ್ತು. ಅವಳನ್ನು ನೋಡಲು ಹೋದಾಗ ಕೆನ್ನೆ ಊದಿತ್ತು, ಕಾಲನ್ನು ಒತ್ತಿದಲ್ಲಿ ಗುಳಿ ಬೀಳುತ್ತಿತ್ತು. ಆದರೂ ಮಡಿಲಲ್ಲಿ ಬೀಡಿಯ ಗೆರಸೆ ಇಟ್ಟುಕೊಂಡು ಎಲೆ ಕತ್ತರಿಸುತ್ತಿದ್ದಳು.

"ಅಕ್ಕ, ಅಣ್ಣ ಇದ್ದಿದ್ದರೆ ಎಂತ ಮಾಡ್ತಿದ್ರು?" ಎಂದು ಕೇಳಿದಳು.

"ಗಾಡಿ ಹೊರಡಿಸ್ತಿದ್ರು" ಎಂದೆ. ನನಗೂ ಗಾಡಿ ಬರುತ್ತದೆ. ವಾರಕ್ಕೊಂದು ಟ್ರಿಪ್ ನಾನೇ ಓಡಿಸುತ್ತಿದ್ದೆ. ಬೇಕಾದದ್ದು ಟಯರ್ ಮಾತ್ರ.

ಮೂಡುಬಿದಿರೆಯ ಟಯರ್ ಅಂಗಡಿಗೆ ಹೋದೆ. ನಮ್ಮ ವ್ಯಾನಿನ ಅಳತೆ ನನಗೆ ಬಾಯಿಪಾಠ. ನನ್ನ ಗಂಡನಿಗೆ ಹತ್ತಿರದ ಅಕ್ಷರ ಕಾಣುತ್ತಿರಲಿಲ್ಲ. ಕನ್ನಡಕ ಮಾಡಿಸಿ ಎಂದರೆ "ನೀನುಂಟಲ್ಲ" ಎನ್ನುತ್ತಿದ್ದರು. ಹಾಗಾಗಿ ಟಯರಿನ ಬದಿಯಲ್ಲಿ ಅಚ್ಚೊತ್ತಿದ್ದನ್ನು ಕೂತು ಓದುವ ಕೆಲಸ ಯಾವಾಗಲೂ ನನ್ನದು, ಅರ್ಥ ಹೇಳುವ ಕೆಲಸ ಅವರದು. 175 ಆರ್ 13. ನೂರ ಎಪ್ಪತ್ತೈದು ಎಂದರೆ ಮಿಲಿಮೀಟರಿನಲ್ಲಿ ಟಯರಿನ ಅಗಲ. ಹದಿಮೂರು ಎಂದರೆ ಇಂಚಿನಲ್ಲಿ ಡಿಸ್ಕಿನ ಅಳತೆ. ಡಿಸ್ಕ್ ಎಂದರೆ ಟಯರ್ ಕೂರುವ ಕಬ್ಬಿಣದ ಚಕ್ರ. ಅದರ ಪಕ್ಕದಲ್ಲಿ ಇನ್ನೊಂದು ಸಣ್ಣ ಸಂಖ್ಯೆ, 97. ಅದು ಹೊರುವ ಶಕ್ತಿಯ ಗುರುತು. ತೊಂಬತ್ತೇಳು ಇದ್ದರೆ ಒಂದು ಟಯರ್ ಏಳುನೂರ ಮೂವತ್ತು ಕಿಲೋ ಹೊರುತ್ತದೆ. "ಉಳಿದದ್ದು ಮರೆತರೂ ಅಡ್ಡಿಯಿಲ್ಲ, ಇದನ್ನು ಮರೀಬೇಡ" ಎನ್ನುತ್ತಿದ್ದರು.

ಅಂಗಡಿಯ ಯಜಮಾನ ಇವರನ್ನು ಬಲ್ಲವರು. ಕುರ್ಚಿ ಹಾಕಿಸಿದರು. ಮಂಗಳೂರಿಗೆ ಎರಡು ಮೂರು ಕಡೆ ಫೋನ್ ಮಾಡಿದರು.

"ಆ ಸೈಜ್ ಈಗ ಬರುವುದಿಲ್ಲ ಅಕ್ಕಾ. ನಿಮ್ಮ ಗಾಡಿಯ ಮಾಡೆಲೇ ನಿಂತು ಹೋಯಿತಲ್ಲ. ಕಳೆದ ಸಲ ಒಂದೇ ಒಂದು ಉಳಿದದ್ದನ್ನು ನಿಮ್ಮವರೇ ಬಂದು ಹಟದಲ್ಲಿ ತಕೊಂಡು ಹೋದ್ರು. ಅದನ್ನು ಹಾಕಿ ಅಲ್ವಾ?"

ಆ ಒಂದೇ ಒಂದು ಹೊಸ ಟಯರು ನಮ್ಮ ಸ್ಟೆಪ್ನಿಯಾಗಿತ್ತು. ಅದು ದಿಬ್ಬಣದ ಜೊತೆ ಹೋಗಿತ್ತು. ನಾನು ಅದನ್ನು ಹೇಳಲಿಲ್ಲ.

ಯಜಮಾನರು ಎರಡು ದಾರಿ ತೋರಿಸಿದರು. ಮೊದಲನೆಯದು 165 ರ ಕಾರಿನ ಟಯರ್. ಅದೇ ಹದಿಮೂರರ ಡಿಸ್ಕಿಗೆ ಕೂರುತ್ತದೆ, ಎತ್ತರದಲ್ಲಿ ಒಂದೂವರೆ ಸೆಂಟಿಮೀಟರ್ ಮಾತ್ರ ಕಡಿಮೆ. "ಎಲ್ಲರೂ ಹಾಕ್ತಾರೆ" ಎಂದರು. ಬಗ್ಗಿ ಓದಿದೆ: 83. ಎಂದರೆ ನಾಲ್ಕುನೂರ ಎಂಬತ್ತೇಳು ಕಿಲೋ. ಎರಡನೆಯದು 155 ರ ಸಣ್ಣ ಲೋಡ್ ಗಾಡಿಯ ಟಯರ್. ಅದು ಆರುನೂರು ಕಿಲೋ ಹೊರುತ್ತದೆ, ಆದರೆ ಮೂರು ಸೆಂಟಿಮೀಟರ್ ಕುಳ್ಳು.

"ನಮ್ಮ ಗಾಡಿ ಒಂದು ಟಯರಿನ ಮೇಲೆ ಎಷ್ಟು ಭಾರ ಹಾಕ್ತದೆ?" ಎಂದು ಕೇಳಿದೆ.

"ಅದು ಯಾರಿಗೆ ಗೊತ್ತುಂಟು ಅಕ್ಕಾ? ತೂಗಿಯೇ ನೋಡ್ಬೇಕು." ಅವರು ನಕ್ಕರು, ನಂತರ ನನ್ನ ಮುಖ ನೋಡಿ ನಗು ನಿಲ್ಲಿಸಿದರು.

ತೂಗುವ ಮೊದಲು ನಾನು ಆ ಸ್ಟೆಪ್ನಿಯನ್ನು ಹುಡುಕಲು ಹೋದೆ. ಅದು ಸಿಕ್ಕಿದರೆ, ಬಲಬದಿಯಲ್ಲಿ ಉಳಿದ ಎರಡು ಹಳೆಯದೂ ಸೇರಿ, ಸರಿಯಾದ ಅಳತೆಯವು ಮೂರಾಗುತ್ತವೆ. ಇನ್ನೊಂದು ಎಲ್ಲಾದರೂ ಸಿಗಬಹುದು ಎಂಬ ಆಸೆ. ಬಸ್ಸಿನಲ್ಲಿ ಗುರುವಾಯನಕೆರೆಗೆ ಹೋಗಿ ಅಲ್ಲಿಂದ ಬಂಟ್ವಾಳ ಬಸ್ ಹಿಡಿದು ಪುಂಜಾಲಕಟ್ಟೆಯಲ್ಲಿ ಇಳಿದೆ. ಹೋಟೆಲಿನಲ್ಲಿ ಕೇಳಿದೆ, ಹೂವಿನ ಅಂಗಡಿಯಲ್ಲಿ ಕೇಳಿದೆ. ಪಂಚರ್ ಅಂಗಡಿಯವನಿಗೆ ನೆನಪಿತ್ತು.

"ಹೌದೌದು, ದಿಬ್ಬಣದ ಗಾಡಿ. ಒಳಗೆ ಒಂದು ಅಜ್ಜಿ ಕೂತಿತ್ತು. ನಿಮ್ಮವರು ಜಾಕ್ ಏರಿಸಿದ ಹಾಗೆ ಅಜ್ಜಿ ಕಿಟಕಿಯಿಂದ, ‘ಇನ್ನೂ ಸ್ವಲ್ಪ ಏರಿಸು ಮಗ, ಗಾಳಿ ಬರ್ತದೆ’ ಅಂತ ಹೇಳ್ತಿತ್ತು. ನಾವೆಲ್ಲ ನಗಾಡಿದ್ದೇ ನಗಾಡಿದ್ದು. ಅವರು ಬರ್ಲಿಲ್ವಾ?"

"ತೀರಿಕೊಂಡರು."

ಅವನು ಕೈ ಒರೆಸಿಕೊಂಡು ಎದ್ದು ನಿಂತ. "ಯಾವಾಗ?"

"ಮರುದಿನವೇ."

ಅವನಿಗೆ ಆ ಗಾಡಿಯ ಊರು ಗೊತ್ತಿರಲಿಲ್ಲ. ಉಜಿರೆ ಕಡೆಗೆ ಹೋಯಿತು ಎಂದ. ಸತ್ತ ಸುದ್ದಿ ಗೊತ್ತಾಗಿ ಆ ಡ್ರೈವರ್, ಯಾರ ಕೈಗೆ ಕೊಡುವುದು ಎಂದು ನಾಚಿಕೊಂಡು ಕೂತಿರಬಹುದು ಎಂದ. ನನ್ನ ನಂಬರನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡ. ಬಸ್ ಬರುವ ತನಕ ಅವನ ಅಂಗಡಿಯ ಎದುರೇ ನಿಂತೆ. ಅಲ್ಲಿ ನಗಾಡಿದ್ದರಂತೆ. ಮನೆಗೆ ಬಂದು ಅವರು ನನಗೆ ಅಜ್ಜಿಯ ಹಟವನ್ನು ಹೇಳಿದ್ದರು, ಗಾಳಿಯ ಮಾತನ್ನು ಹೇಳಿರಲಿಲ್ಲ. ಸೋಮವಾರ ದಾರಿಯಲ್ಲಿ ಎಲ್ಲರ ಎದುರು ಹೇಳೋಣ ಎಂದು ಇಟ್ಟುಕೊಂಡಿದ್ದಿರಬೇಕು.

ಬರುವಾಗ ಬೆಳ್ತಂಗಡಿಯ ಒಂದು ಹಳೆಯ ಅಂಗಡಿಯ ಅಟ್ಟದಲ್ಲಿ ನಮ್ಮದೇ ಅಳತೆಯ ಜೋಡಿ ಟಯರ್ ಉಂಟು ಎಂದು ಯಾರೋ ಹೇಳಿದರು. ಓಡಿದೆ. ಇತ್ತು! ಕಾಗದ ಸುತ್ತಿದ್ದು, ಹೊಸ ರಬ್ಬರಿನ ಕೂದಲಿನಂಥ ಎಳೆಗಳು ಇನ್ನೂ ಮೇಲಿದ್ದವು, ಒಂದು ಗೀರೂ ಇಲ್ಲ. ಅಂಗಡಿಯವರು ಕಟ್ಟಿಕೊಡಲು ಹಗ್ಗ ತಂದರು. ಅಭ್ಯಾಸಬಲದಿಂದ ಕೂತು ಬದಿಯನ್ನು ಓದಿದೆ. ಕೊನೆಯ ನಾಲ್ಕು ಅಂಕೆ ತಯಾರಾದ ವಾರ ಮತ್ತು ವರ್ಷ. ಹನ್ನೊಂದು ವರ್ಷದ ಹಳೆಯದು. ಅಟ್ಟದ ಹಂಚಿನ ಸೆಕೆಗೆ ಅಷ್ಟು ವರ್ಷ ಬೆಂದಿದೆ. ಬಗ್ಗಿಸಿ ನೋಡಿದರೆ ಗೆರೆಗಳ ನಡುವೆ ಕೂದಲೆಳೆಯ ಬಿರುಕು. ಓಡದಿದ್ದರೂ ರಬ್ಬರಿಗೆ ಮುಪ್ಪು ಬರುತ್ತದೆ.

"ಹೊಸತೇ ಅಕ್ಕ, ರಸ್ತೆಯನ್ನೇ ಕಾಣದ್ದು" ಎಂದರು ಅಂಗಡಿಯವರು.

ಹಗ್ಗ ಬಿಚ್ಚಲು ಹೇಳಿ ಬರಿಗೈಯಲ್ಲಿ ಬಂದೆ. ಬಸ್ಸಿನಲ್ಲಿ ಕಣ್ಣೀರು ಬಂತು. ಸತ್ತ ದಿನ ಬಾರದ ಅಷ್ಟೂ ಅಳು ಒಂದು ಜೋಡಿ ಟಯರಿಗೆ ಬಂತು.

ಮನೆಯಲ್ಲಿ ಭಾವ ಕಾಯುತ್ತಿದ್ದರು. "ಸಾಕು ಮಾಡು. ಗಾಡಿ ಗುಜರಿಗೆ ಕೊಡುವ. ಅವರಿಗೆ ಬೇರೆ ಏನಾದರೂ ವ್ಯವಸ್ಥೆ ಆಗ್ತದೆ."

"ಯಾವ ವ್ಯವಸ್ಥೆ ಭಾವ?"

ಅವರು ಎಡಬದಿಯ ಟಯರುಗಳನ್ನು ನೋಡುತ್ತಾ ನಿಂತರು. ಆ ಒಲೆಯ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮರುದಿನ ಹಾಜಿಯವರ ಅಂಗಡಿಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ತೂಗಿ ನೋಡಬೇಕಾದರೆ ಗಾಡಿಯಲ್ಲಿ ಮೂವರೂ, ಅವರವರ ಜೊತೆಗೆ ಬರುವವರೂ ಕೂತಿರಬೇಕು. ಅವರನ್ನೆಲ್ಲ ಅನುಮಾನದ ಟಯರಿನ ಮೇಲೆ ಕೂರಿಸಿ ಕೊಂಡುಹೋಗುವುದು ಹೇಗೆ?

ಹಾಜಿ ಅಕ್ಕಿಯ ಚೀಲಗಳನ್ನು ತೋರಿಸಿದರು. "ನಮ್ಮ ಬದಲು ಇವು ಹೋಗಲಿ ಮಗಳೇ. ಬೇರೆಯವರಿಗೆ ಅವರ ತೂಕ ಗೊತ್ತಿರ್ಲಿಕ್ಕಿಲ್ಲ. ನಮ್ಮ ಮೂರು ಜನರ ತೂಕ ಗ್ರಾಮಿನ ತನಕ ಗೊತ್ತುಂಟು."

ಅದು ನಿಜ. ಡಯಾಲಿಸಿಸಿನವರು ಪ್ರತಿ ಸಲ ಮೊದಲು ತಕ್ಕಡಿ ಏರಬೇಕು, ಮುಗಿದ ಮೇಲೆ ಪುನಃ ಏರಬೇಕು. ಎಷ್ಟು ನೀರು ತುಂಬಿತು, ಎಷ್ಟು ತೆಗೆದರು ಎಂಬುದೇ ಅವರ ದಿನದ ಮಾತು. ಫೋನ್ ಮಾಡಿದಾಗ ಟೀಚರ್ ತಮ್ಮದನ್ನೂ ಗಂಡನದನ್ನೂ ಗಾಲಿಕುರ್ಚಿಯದನ್ನೂ ಹೇಳಿ, "ನೀರಿನ ತೂಕವನ್ನು ಪ್ರತ್ಯೇಕ ಹೇಳಲೇ, ಕೂಡಿಸಿ ಹೇಳಲೇ?" ಎಂದು ಕೇಳಿದರು. ಬೀಡಿಯವಳು ತಾಯಿಯ ಜೊತೆ ಅಂಗಡಿಗೇ ಬಂದಿದ್ದಳು.

"ನನ್ನದು ನಲ್ವತ್ತೊಂದು. ಈಗ ನಾಲ್ಕು ಸೇರಿಸಿ ಹಾಕಿ ಹಾಜಿಯವರೇ, ನೀರುಂಟು."

"ನಿನ್ನ ಚೀಲಕ್ಕೆ ಒಳ್ಳೆಯ ಅಕ್ಕಿ ಹಾಕ್ತೇನೆ" ಎಂದರು ಹಾಜಿ. "ನನ್ನ ಹೆಂಡತಿಯ ತೂಕ ಮಾತ್ರ ಕೇಳ್ಬೇಡಿ. ನಾನು ಕಣ್ಣಂದಾಜಿಗೆ ಹಾಕ್ತೇನೆ. ಕಡಿಮೆ ಹಾಕಿದರೆ ಗಾಡಿಗೆ ಅಪಾಯ, ಜಾಸ್ತಿ ಹಾಕಿದರೆ ನನಗೆ."

ಮೂಡುಬಿದಿರೆಯಿಂದ ಆ ಕಾರಿನ ಟಯರುಗಳನ್ನು ಎರಡು, ಪರೀಕ್ಷೆಗೆಂದೇ ತಂದೆವು. ಒಂದೇ ಅಚ್ಚಿನ ಎರಡು ತುದಿಯಲ್ಲಿ ಬೇರೆ ಬೇರೆ ಎತ್ತರ ಇರಬಾರದು, ಹಾಗಾಗಿ ಬಲಬದಿಯ ಹಳೆಯ ಎರಡನ್ನೂ ಮುಂದಿನ ಅಚ್ಚಿಗೆ ಹಾಕಿ, ಹೊಸ ಎರಡನ್ನು ಹಿಂದಕ್ಕೆ ಹಾಕಿದೆವು. ಪ್ರತಿ ಸೀಟಿನಲ್ಲೂ ಅವರವರ ಚೀಲ ಕೂತಿತು. ಟೀಚರಿನ ಚೀಲದ ಪಕ್ಕ ಗಾಲಿಕುರ್ಚಿ. ಹಾಜಿ ತಮ್ಮ ಸೀಟಿಗೆ ಚೀಲ ಇಡಲು ಬಿಡಲಿಲ್ಲ. "ನಾನೇ ಇರುವಾಗ ಅಕ್ಕಿ ಯಾಕೆ?" ಎಂದು ಏರಿ ಕೂತರು. ಕಲ್ಲುಕೋರೆಯೊಂದರ, ಲಾರಿ ತೂಗುವ ವೇಬ್ರಿಜ್ ಹತ್ತಿರದಲ್ಲೇ ಇತ್ತು. ನಡೆಯುವ ವೇಗದಲ್ಲಿ ಹೋದೆ. ಸೂತಕ ಕಳೆದು ಆ ಕೀಲಿ ತಿರುಗಿಸಿದ್ದು ಅಂದೇ ಮೊದಲು. ಸೀಟು ಇನ್ನೂ ಅವರ ಕಾಲಿನ ಅಳತೆಗೇ ಇತ್ತು. ಒಂದು ಹಲ್ಲು ಮುಂದಕ್ಕೆ ಎಳೆದುಕೊಂಡೆ.

ಮೊದಲು ಮುಂದಿನ ಚಕ್ರಗಳನ್ನು ಮಾತ್ರ ಹಲಗೆಯ ಮೇಲೆ ನಿಲ್ಲಿಸಿ ತೂಗಿದೆವು. ನಂತರ ಮುಂದೆ ಸರಿದು ಹಿಂದಿನದನ್ನು. ಹಿಂದಿನ ಅಚ್ಚಿನ ಮೇಲೆ ಸಾವಿರದ ಇನ್ನೂರ ನಲ್ವತ್ತು ಕಿಲೋ. ಒಂದು ಟಯರಿಗೆ ಆರುನೂರ ಇಪ್ಪತ್ತು.

ಕಾರಿನ ಟಯರ್ ಅಲ್ಲಿಗೇ ಬಿದ್ದುಹೋಯಿತು. ಅದರ ಮೇಲೆ ನೂರ ಮೂವತ್ತು ಕಿಲೋ ಹೆಚ್ಚು. ಸಣ್ಣ ಲೋಡ್ ಗಾಡಿಯ ಟಯರಿಗೆ ಇಪ್ಪತ್ತು ಕಿಲೋ ಹೆಚ್ಚು. ಬರೇ ಇಪ್ಪತ್ತು.

ಹಾಜಿ ಬೆರಳು ಮಡಿಸಿ ಲೆಕ್ಕ ಹಾಕಿದರು. ನಂತರ, "ಬರುವಾಗ ನಮ್ಮ ಮೂವರ ನೀರು ತೆಗೆದಿರ್ತಾರೆ. ಆದರೂ ಸಾಲ್ದು ಅಲ್ವಾ?" ಎಂದರು.

"ಸಾಲ್ದು ಹಾಜಿಯವರೇ. ಎರಡು ಟಯರಿಗೆ ಸೇರಿ ನಲ್ವತ್ತು ಇಳಿಯಬೇಕು."

ನಲ್ವತ್ತು ಎಂದ ಕೂಡಲೇ ನಮ್ಮಿಬ್ಬರಿಗೂ ಒಂದೇ ವಿಷಯ ಹೊಳೆಯಿತು. ಕಡೇ ಸಾಲಿನಲ್ಲಿ, ಹಿಂದಿನ ಅಚ್ಚಿನ ನೇರ ಮೇಲೆ, ಒಳ್ಳೆಯ ಅಕ್ಕಿಯ ಒಂದು ಸಣ್ಣ ಚೀಲ ಕೂತಿತ್ತು. ನಾವು ಅದನ್ನು ತಿರುಗಿ ನೋಡಲಿಲ್ಲ.

ಅಂಗಡಿಗೆ ಹಿಂದಿರುಗಿದಾಗ ಬೀಡಿಯವಳು ಅಲ್ಲೇ ಕೂತಿದ್ದಳು. ಹಾಜಿ ಲೆಕ್ಕ ಹೇಳದೆ ಇರಲು ನೋಡಿದರು. ಅವಳು ಬಿಡಲಿಲ್ಲ.

"ಹಾಗಾದರೆ ಆ ಟಯರ್ ಹಾಕಿ ಅಕ್ಕ. ನಾನು ಬಸ್ಸಲ್ಲಿ ಬರ್ತೇನೆ."

"ವೇಣೂರಿನಲ್ಲಿ ಬಿದ್ದವಳು ನೀನೇ ಅಲ್ವಾ?"

"ಪ್ರತಿ ಸಲ ಬೀಳ್ತೇನಾ? ಟೀಚರಿಗೆ ಬಸ್ ಹತ್ಲಿಕ್ಕೆ ಆಗ್ಲಿಕ್ಕಿಲ್ಲ. ಹಾಜಿಯವರಿಗೆ ವಯಸ್ಸಾಯಿತು. ನಾನು ಸಣ್ಣವಳು." ಅವಳ ತಾಯಿ ನೆಲ ನೋಡುತ್ತಿದ್ದರು.

ಹಾಜಿ, "ನನ್ನ ಹೆಂಡತಿ ಮನೆಯಲ್ಲಿ ಇರ್ತಾಳೆ, ಮುಗಿಯಿತು" ಎಂದರು. ಆದರೆ ಜೊತೆಗೊಬ್ಬರು ಇಲ್ಲದೆ ಮಿಷನಿಗೆ ಹಾಕುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಮಧ್ಯದಲ್ಲಿ ಬಿ.ಪಿ. ಬಿದ್ದರೆ ಹಿಡಿಯಲು ಜನ ಬೇಕು.

ಲೆಕ್ಕ ಸರಿಯಿತ್ತು. ಅವಳನ್ನು ಬಿಟ್ಟರೆ ನಾಳೆಯೇ ಹೊರಡಬಹುದು. ಮೂರು ರಾತ್ರಿ ನಿದ್ದೆಯಿಲ್ಲದ ನನಗೆ ಆ ಲೆಕ್ಕದಲ್ಲಿ ಎಷ್ಟು ಆರಾಮ ಕಂಡಿತು ಎಂಬುದನ್ನು ಈಗ ನೆನೆದರೆ ಭಯವಾಗುತ್ತದೆ. ಆದರೆ ಈ ಟ್ರಿಪ್ ಶುರುವಾದದ್ದೇ ಬಸ್ಸಿಗೆ ಆಗದವರಿಗಾಗಿ. ಒಬ್ಬರನ್ನು ಇಳಿಸಿ ತೂಕ ಸರಿಮಾಡಿದ ಗಾಡಿಯನ್ನು ಓಡಿಸಲು ನನಗೆ ಆಗುವುದಿಲ್ಲ ಎಂದು ಅನಿಸಿತು. "ಟಯರ್ ಬದಲಾಗ್ತದೆ, ಜನ ಬದಲಾಗ್ಲಿಕ್ಕಿಲ್ಲ" ಎಂದೆ. ನನ್ನ ಕೈಯಲ್ಲಿ ಬೇರೆ ಟಯರ್ ಇರಲಿಲ್ಲ.

ಕಾರಿನ ಟಯರುಗಳನ್ನು ತೊಳೆದು ಮೂಡುಬಿದಿರೆಗೆ ಹಿಂದೆ ಕೊಂಡುಹೋದೆ. ಯಜಮಾನರು ಬೈಯಲಿಲ್ಲ. ಆರುನೂರ ಇಪ್ಪತ್ತು ಎಂದಾಗ ತಲೆ ಕೆರೆದುಕೊಂಡರು.

"ಹದಿಮೂರರಲ್ಲಿ ಅಷ್ಟು ಹೊರುವುದು ಈಗ ಇಲ್ಲ. ಹದಿನಾಲ್ಕರಲ್ಲಿ ಉಂಟು. 165 ಆರ್ 14. ಏಳುನೂರ ಹತ್ತು ಕಿಲೋ ಹೊರ್ತದೆ. ಆದರೆ ನಿಮ್ಮ ಡಿಸ್ಕ್ ಹದಿಮೂರಲ್ಲವಾ?"

ಅಗಲ ಕಡಿಮೆ, ಡಿಸ್ಕ್ ದೊಡ್ಡದು. ಅವರೂ ನಾನೂ ಅಲ್ಲಿದ್ದ ಒಂದು ಟಯರಿಗೆ ಟೇಪು ಹಿಡಿದೆವು. ನಮ್ಮ ಹಳೆಯದಕ್ಕಿಂತ ಎತ್ತರ ಒಂದೇ ಸೆಂಟಿಮೀಟರ್ ಹೆಚ್ಚು. ಹೊರಗಿನ ಸುತ್ತು ಹೆಚ್ಚುಕಡಿಮೆ ಅದೇ ಇದ್ದರೆ ಮೀಟರಿಗೂ ಬ್ರೇಕಿಗೂ ತೊಂದರೆಯಿಲ್ಲ. ಹಾಗಾದರೆ ಬದಲಿಸಬೇಕಾದದ್ದು ಟಯರನ್ನಲ್ಲ, ಡಿಸ್ಕನ್ನು. ನಾನು ಅಷ್ಟು ದಿನ ತಪ್ಪು ಸಾಮಾನನ್ನು ಹುಡುಕುತ್ತಿದ್ದೆ.

ಐದು ಬೋಲ್ಟಿನ ಹದಿನಾಲ್ಕರ ಡಿಸ್ಕ್ ಬಂಟ್ವಾಳದ ಕಡೆ ಗುಜರಿಯಲ್ಲಿ ಸಿಗಬಹುದು, ಅಳತೆ ಮಾತ್ರ ಸರಿ ಕೂರಬೇಕು ಎಂದರು. ಮನೆಗೆ ಬಂದು ಒಂದು ಚಕ್ರ ಬಿಚ್ಚಿದೆ. ಅಡುಗೆಮನೆಯಲ್ಲಿ ಬೊಜ್ಜಕ್ಕೆ ತಂದು ಉಳಿದ ಅಡಿಕೆ ಹಾಳೆತಟ್ಟೆಗಳ ಕಟ್ಟು ಇತ್ತು. ಒಂದು ದೊಡ್ಡ ತಟ್ಟೆಯನ್ನು ನೀರಲ್ಲಿ ನೆನೆಸಿ ಮೆದು ಮಾಡಿ, ಐದು ಬೋಲ್ಟುಗಳ ಮೇಲೆ ಒತ್ತಿ ಹಿಡಿದೆ. ಒಣಗಿದಾಗ ಐದು ಗುರುತು, ನಡುವೆ ಚಕ್ರ ಸಿಕ್ಕಿಸುವ ಹಬ್ಬಿನ ದುಂಡು ಅಚ್ಚಾಗಿ ನಿಂತವು. ಗುರುತಿನ ಮೇಲೆ ಕತ್ತಿಯ ತುದಿಯಲ್ಲಿ ತೂತು ಕೊರೆದೆ. ಭಾವ ನೋಡುತ್ತಿದ್ದವರು, "ಎಲ್ಲಿಗೆ?" ಎಂದರು.

"ಗುಜರಿಗೆ."

"ಮಾರ್ಲಿಕ್ಕಾ?"

"ತರ್ಲಿಕ್ಕೆ."

ಅವರು ಅಂಗಿ ಹಾಕಿಕೊಂಡು ಜೊತೆಗೆ ಬಂದರು.

ಬಂಟ್ವಾಳದ ಗುಜರಿಯಲ್ಲಿ ಬಿಸಿಲು ಕಬ್ಬಿಣದ ಮೇಲೆ ಬಿದ್ದು ಕಣ್ಣು ಬಿಡಲಾಗುತ್ತಿರಲಿಲ್ಲ. ಗುಜರಿಯ ಯಜಮಾನ ಬ್ಯಾರಿ ನನ್ನ ಕೈಯ ತಟ್ಟೆ ನೋಡಿ, "ಊಟ ಇಲ್ಲಿ ಇಲ್ಲ ಅಕ್ಕ, ಹೋಟೆಲ್ ಆಚೆ" ಎಂದರು. ವಿಷಯ ತಿಳಿದ ಮೇಲೆ ತಟ್ಟೆಯನ್ನು ಹಿಡಿದು ತಾವೇ ರಾಶಿಯೊಳಗೆ ಹೊಕ್ಕರು. ಹತ್ತಾರು ಡಿಸ್ಕ್ ಮೇಲೆ ಇಟ್ಟು ನೋಡಿದೆವು. ಕೆಲವಕ್ಕೆ ನಾಲ್ಕೇ ತೂತು, ಕೆಲವಕ್ಕೆ ಐದಿದ್ದರೂ ಅಂತರ ಬೇರೆ. ಕೊನೆಗೆ ಒಂದು ಸಣ್ಣ ಸರಕು ಗಾಡಿಯ ಡಿಸ್ಕಿನಲ್ಲಿ ತಟ್ಟೆಯ ಐದೂ ತೂತುಗಳ ಮೂಲಕ ನೆಲ ಕಂಡಿತು. ಆ ಬಗೆಯವು ಐದು ಇದ್ದವು. ಭಾವ ಒಂದೊಂದನ್ನೇ ಎತ್ತಿ ಕೊಟ್ಟರು. ಒಳಗಿನ ಆಳ ಅಳೆದೆ, ಸ್ಪ್ರಿಂಗಿಗೆ ತಾಗಬಾರದು. ನಟ್ಟು ಕೂರುವ ಓರೆ ನಮ್ಮ ನಟ್ಟಿಗೆ ಹೊಂದುತ್ತದೋ ನೋಡಿದೆ. ಬೋಲ್ಟಿನ ತೂತುಗಳ ಸುತ್ತ ಸೀಮೆಎಣ್ಣೆ ಒರೆಸಿ ಬಿರುಕು ಹುಡುಕಿದೆ.

ನಾಲ್ಕು ಸರಿಯಿದ್ದವು. ಐದನೆಯದರಲ್ಲಿ ಎರಡು ತೂತುಗಳ ನಡುವೆ ಸಣ್ಣ ಗೆರೆ ಎದ್ದಿತ್ತು.

"ವೆಲ್ಡ್ ಮಾಡಿ ಕೊಡ್ತೇನೆ. ಸ್ಟೆಪ್ನಿಗೆ ಅಲ್ವಾ, ಸಾಕು" ಎಂದರು ಬ್ಯಾರಿ.

ಭಾವ ನನ್ನ ಮುಖ ನೋಡಿದರು. ಸ್ಟೆಪ್ನಿ ಎಂದರೆ ಉಳಿದದ್ದೆಲ್ಲ ಕೈಕೊಟ್ಟಾಗ ನಂಬುವುದು. ಅದನ್ನೇ ನಂಬಲು ಆಗದಿದ್ದರೆ ಇಲ್ಲದಿರುವುದೇ ಒಳ್ಳೆಯದು. ಬೇಡ ಎಂದೆ.

ಹೊಸ ಟಯರುಗಳನ್ನು ಮೂಡುಬಿದಿರೆಯಲ್ಲಿ ಕೂರಿಸಿ, ಪುನಃ ಅಕ್ಕಿಯ ಚೀಲಗಳನ್ನು ಹೇರಿ, ಶಾಲೆಯ ಮೈದಾನದಲ್ಲಿ ಸ್ಟೀರಿಂಗನ್ನು ಪೂರಾ ಬಲಕ್ಕೂ ಎಡಕ್ಕೂ ತಿರುಗಿಸಿ ಸುತ್ತಿದೆ. ಎಡಕ್ಕೆ ತಿರುಗಿಸಿದಾಗ ಕರ್ರ್ ಎಂದು ಸದ್ದು ಬಂತು. ಒಳಗಿನ ಮಡ್ಗಾರ್ಡಿನ ಅಂಚು ತಾಗುತ್ತಿತ್ತು. ಭಾವ ಅಡಿಗೆ ನುಗ್ಗಿ ಅದನ್ನು ಕತ್ತರಿಸಿ ತೆಗೆದರು. ರಸ್ತೆಯ ಹಂಪಿನ ಮೇಲೆ ಹತ್ತಿಸಿ ಇಳಿಸಿದೆ. ಬೀಡಿಯವಳ ಮನೆಯ ಕಡಿದಾದ ಏರಿನಲ್ಲಿ ನಿಲ್ಲಿಸಿ ಪುನಃ ಹೊರಡಿಸಿದೆ. ಸ್ವಲ್ಪ ಓಡಿಸಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿದೆವು. ಅಳತೆ ಬದಲಾದ ವಿಷಯವನ್ನು ಆರ್.ಟಿ.ಒ.ದಲ್ಲಿ ಗಾಡಿ ಪಾಸಿಂಗ್ ಮಾಡಿಸುವವರ ಹತ್ತಿರ ಕೇಳಿ, ಅಡ್ಡಿಯಿಲ್ಲ ಎಂದು ತಿಳಿದುಕೊಂಡೆ.

ಮೊದಲ ಟ್ರಿಪ್ಪಿನ ಬೆಳಿಗ್ಗೆ ಬೀಡಿಯವಳು ಏರಿ ತನ್ನ ಜಾಗದಲ್ಲಿ ಕೂತು, "ಅಕ್ಕಿ ತೆಗೆದಿದ್ದೀರಲ್ಲ?" ಎಂದಳು. ಎಲ್ಲರೂ ನಕ್ಕರು. ಟೀಚರ್, "ಗಾಡಿ ಒಂದಿಷ್ಟು ಎತ್ತರವಾಗಿದೆ, ಹತ್ತುವಾಗ ಗೊತ್ತಾಗುತ್ತದೆ" ಎಂದರು. ನಂತರ ವೇಣೂರು ದಾಟುವ ತನಕ ಯಾರೂ ಮಾತಾಡಲಿಲ್ಲ. ಆ ದಾರಿಯಲ್ಲಿ ಮಾತಾಡುತ್ತಿದ್ದುದು ಯಾವಾಗಲೂ ನನ್ನ ಗಂಡನೇ. ನಾನು ಪುಂಜಾಲಕಟ್ಟೆಯ ಅಜ್ಜಿಯ ಗಾಳಿಯ ಮಾತನ್ನು ಹೇಳಿದೆ. ಅವರಷ್ಟು ಚೆನ್ನಾಗಿ ಹೇಳಲು ಬರಲಿಲ್ಲ. ಹಾಜಿ ನಗುತ್ತಾ ಟವೆಲಿನಿಂದ ಕಣ್ಣು ಒರೆಸಿಕೊಂಡರು. ಅಂದು ಬೀಡಿಯವಳ ಮೈಯಿಂದ ಆದಷ್ಟು ನೀರು ತೆಗೆದರು. ಬರುವಾಗ ಅವಳ ಕೆನ್ನೆ ಇಳಿದಿತ್ತು.

ಅಂದಿನಿಂದ ಟ್ರಿಪ್ ತಪ್ಪಿಲ್ಲ. ಪಂಚರ್ ಹಾಕುವ ಸಾಮಾನು, ಗಾಳಿ ಪಂಪು ಸೀಟಿನ ಅಡಿಯಲ್ಲಿ ಉಂಟು. ಪ್ರತಿ ಬೆಳಿಗ್ಗೆ ನಾಲ್ಕೂ ಟಯರಿನ ಬದಿಯನ್ನು ಕೈಯಿಂದ ಸವರಿ ನೋಡುತ್ತೇನೆ. ಬಲಬದಿಯ ಹಳೆಯ ಎರಡು ಟಯರುಗಳನ್ನು ಬಿಚ್ಚಿದಾಗ ಒಳಬದಿಯಲ್ಲಿ ಬಿರುಕು ಕಂಡದ್ದರಿಂದ ಅವು ಸ್ಟೆಪ್ನಿಗೂ ಆಗಲಿಲ್ಲ. ಐದನೆಯ ಡಿಸ್ಕಿಗಾಗಿ ಗುಜರಿಯ ಬ್ಯಾರಿ ಹುಡುಕುತ್ತಿದ್ದಾರೆ. ಹಾಳೆತಟ್ಟೆಯನ್ನು ಅವರ ಹತ್ತಿರವೇ ಬಿಟ್ಟು ಬಂದಿದ್ದೇನೆ. ಎದುರಿನಿಂದ ನಮ್ಮದೇ ಮಾಡೆಲಿನ ಗಾಡಿ ಬಂದರೆ ವೇಗ ತಗ್ಗಿಸಿ ಅದರ ಚಕ್ರ ನೋಡುತ್ತೇನೆ. ಆ ಸ್ಟೆಪ್ನಿ ಬಂದರೂ ಈಗ ಉಳಿದವಕ್ಕಿಂತ ಒಂದು ಸೆಂಟಿಮೀಟರ್ ಕುಳ್ಳು. ಆದರೂ ಅಡ್ಡಿಯಿಲ್ಲ, ಮನೆ ಮುಟ್ಟಲು ಸಾಕು.

ಪುಂಜಾಲಕಟ್ಟೆಯ ಗೋಡೆಯಲ್ಲಿ ನನ್ನ ನಂಬರ್ ಇನ್ನೂ ಉಂಟು. ಫೋನ್ ಬಂದಿಲ್ಲ. ವ್ಯಾನಿನ ಹಿಂಬದಿಯ ತೊಟ್ಟಿಲು ಖಾಲಿ ಇದೆ.